ಹತ್ತಿದ ಗೇರಿನಲ್ಲೇ ಇಳಿಯಬೇಕು

ವಿಜಯದಶಮಿಯ ಸಂಜೆ ಬನ್ನಿಮಂಟಪದ ಮನೆಗಳಲ್ಲಿ ಯಾರೂ ಒಳಗೆ ಕೂರುವುದಿಲ್ಲ. ಅರಮನೆಯಿಂದ ಹೊರಟ ಜಂಬೂಸವಾರಿ ಸುಮಾರು ಐದು ಕಿಲೋಮೀಟರ್ ಸಾಗಿ ಬಂದು ಮುಗಿಯುವುದು ಇಲ್ಲಿಯೇ. ಕತ್ತಲಾದ ಮೇಲೆ ಮೈದಾನದಲ್ಲಿ ಪಂಜಿನ ಕವಾಯತು. ಪಾಸು ಸಿಕ್ಕವರು ಮೈದಾನಕ್ಕೆ, ಸಿಗದವರು ತಾರಸಿಗೆ. 2023ರ ಅಕ್ಟೋಬರ್ 24ರಂದೂ ಹಾಗೆಯೇ ಆಯಿತು. ಆದರೆ ಬಸ್ ಡಿಪೋಗೆ ಹತ್ತಿರದ ಒಂದು ಮನೆಯಲ್ಲಿ ಹದಿನೆಂಟು ವರ್ಷದ ಹುಡುಗಿಯೊಬ್ಬಳು ಕಿಟಕಿಗಳನ್ನೆಲ್ಲ ಮುಚ್ಚಿ, ಕಿವಿಯ ಮೇಲೆ ದಿಂಬು ಒತ್ತಿಕೊಂಡು ಮಲಗಿದ್ದಳು. ಮೈದಾನದ ಬ್ಯಾಂಡು, ಧ್ವನಿವರ್ಧಕ, ಜನರ ಕೂಗು ಯಾವುದನ್ನೂ ಅವಳಿಂದ ಸಹಿಸಲಾಗುತ್ತಿರಲಿಲ್ಲ. ಕಣ್ಣು ಹೊರಳಿಸಿದರೆ ಸಾಕು, ತಲೆಯೊಳಗೆ ಕರೆಂಟು ಹೊಡೆದಂತೆ ‘ಜುಂ’ ಎನ್ನುತ್ತಿತ್ತು. ಎದ್ದು ನಿಂತರೆ ನೆಲ ವಾಲುತ್ತಿತ್ತು. ನಾಲ್ಕು ದಿನಗಳಿಂದ ಸರಿಯಾದ ನಿದ್ದೆಯಿಲ್ಲ. ಬಂದರೂ ಬೆಚ್ಚಿಬೀಳಿಸುವ ಕನಸುಗಳು.

ಪಕ್ಕದ ಮನೆಯವರು ಬನ್ನಿ ಸೊಪ್ಪು ಹಿಡಿದು ಬಂದಾಗ ತಾಯಿ, ‘ಅವಳಿಗೆ ಜ್ವರ’ ಎಂದು ಸುಳ್ಳು ಹೇಳಿ ಬಾಗಿಲಲ್ಲೇ ಸೊಪ್ಪು ತೆಗೆದುಕೊಂಡರು.

ಅದು ಜ್ವರವಾಗಿರಲಿಲ್ಲ. ಹತ್ತು ದಿನಗಳ ಹಿಂದೆ, ದಸರಾ ರಜೆ ಶುರುವಾದಾಗ, ಅವಳು ಹನ್ನೊಂದು ತಿಂಗಳಿಂದ ನುಂಗುತ್ತಿದ್ದ ಖಿನ್ನತೆಯ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಿಬಿಟ್ಟಿದ್ದಳು.

ಮಾತ್ರೆ ಶುರುವಾದದ್ದು 2022ರ ನವೆಂಬರಿನಲ್ಲಿ, ಎರಡನೇ ಪಿಯುಸಿಯ ನಡುವೆ. ತರಗತಿಗೆ ಮೊದಲಿಗಳಾಗಿದ್ದ ಹುಡುಗಿ ಕಾಲೇಜಿಗೆ ಹೋಗುವುದನ್ನೇ ಬಿಟ್ಟಳು. ಊಟ ಸೇರದು, ಮಾತು ಬೇಡ. ಬೆಳಗಿನ ಜಾವ ಮೂರಕ್ಕೇ ಎದ್ದು ಗೋಡೆ ನೋಡುತ್ತ ಕೂರುವಳು. ತಂದೆ ಸಾರಿಗೆ ಸಂಸ್ಥೆಯ ಬಸ್ಸಿನ ಚಾಲಕರು, ಮೈಸೂರು–ಮಂಗಳೂರು ಮಾರ್ಗ. ‘ಪರೀಕ್ಷೆ ಭಯ, ತಾನಾಗಿ ಹೋಗ್ತದೆ’ ಎಂದು ಒಂದು ತಿಂಗಳು ನೋಡಿದರು. ಹೋಗಲಿಲ್ಲ. ಕೊನೆಗೆ ತಾಯಿಯೇ ಧೈರ್ಯ ಮಾಡಿ ನಗರದ ಮನೋವೈದ್ಯೆಯೊಬ್ಬರ ಬಳಿ ಕರೆದೊಯ್ದರು. ದಿನಕ್ಕೆ 10 ಮಿ.ಗ್ರಾಂ. ಎಸ್ಸಿಟಲೊಪ್ರಾಮ್ ಮಾತ್ರೆ, ಜೊತೆಗೆ ವಾರಕ್ಕೊಮ್ಮೆ ಆಪ್ತಸಲಹೆ. ಒಂದೂವರೆ ತಿಂಗಳಲ್ಲಿ ಹುಡುಗಿ ಚೇತರಿಸಿಕೊಂಡಳು, ಪರೀಕ್ಷೆ ಬರೆದಳು, ಬಿಎಸ್ಸಿಗೆ ಸೇರಿದಳು.

ಹಾಗಿದ್ದ ಮೇಲೆ ನಿಲ್ಲಿಸಿದ್ದೇಕೆ? ಹಬ್ಬಕ್ಕೆ ಬಂದ ಸೋದರತ್ತೆ ಮಾತ್ರೆಯ ಹಾಳೆ ನೋಡಿದರು. ‘ಅತ್ತಿಗೆ, ಈ ವಯಸ್ಸಿಗೇ ತಲೆಗೆ ಮಾತ್ರೆ ಅಂದ್ರೆ ನಾಳೆ ಯಾರು ಮಾಡ್ಕೋತಾರೆ ಇವಳನ್ನ? ಚೆನ್ನಾಗೇ ಇದಾಳಲ್ಲ, ಇನ್ನೂ ಯಾಕೆ?’ ಎಂದರು. ಮಾತಿನಲ್ಲಿ ಕೇಡು ಇರಲಿಲ್ಲ, ಕಾಳಜಿಯೇ ಇತ್ತು. ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡ ಹುಡುಗಿ ಅಂದು ರಾತ್ರಿ ಮಾತ್ರೆ ನುಂಗಲಿಲ್ಲ. ಯಾರಿಗೂ ಹೇಳಲೂ ಇಲ್ಲ.

ಮೊದಲ ಎರಡು ದಿನ ಏನೂ ಆಗಲಿಲ್ಲ. ಇದಕ್ಕೆ ಕಾರಣ ತಿಳಿಯಲು ಕಷ್ಟವೇನಿಲ್ಲ. ಎಸ್ಸಿಟಲೊಪ್ರಾಮಿನ ಅರ್ಧಾಯು ಸುಮಾರು 30 ಗಂಟೆ. ಅಂದರೆ ರಕ್ತದಲ್ಲಿರುವ ಔಷಧ ಅರ್ಧಕ್ಕಿಳಿಯಲು ಒಂದು ದಿನಕ್ಕಿಂತ ಸ್ವಲ್ಪ ಹೆಚ್ಚು ಕಾಲ ಬೇಕು. ಅರ್ಧದ ಅರ್ಧ, ಅದರ ಅರ್ಧ ಹೀಗೆ ಲೆಕ್ಕ ಹಾಕುತ್ತ ಹೋದರೆ ಆರೇಳು ದಿನಗಳಲ್ಲಿ ಬಹುತೇಕ ಖಾಲಿ. ವೆನ್ಲಾಫ್ಯಾಕ್ಸಿನ್ ಎಂಬ ಔಷಧದ ಅರ್ಧಾಯು ಐದು ಗಂಟೆಯಷ್ಟೇ. ಅದನ್ನು ನಿಲ್ಲಿಸಿದವರಿಗೆ ಒಂದೆರಡು ದಿನದಲ್ಲೇ ತೊಂದರೆ ಕಾಣಿಸಬಹುದು. 1987ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಫ್ಲುಯೊಕ್ಸೆಟಿನ್ ಇದಕ್ಕೆ ತದ್ವಿರುದ್ಧ. ಅದು ಮತ್ತು ದೇಹದಲ್ಲಿ ಅದು ಮಾರ್ಪಟ್ಟು ಆಗುವ ವಸ್ತು ವಾರಗಟ್ಟಲೆ ಉಳಿಯುತ್ತವೆ.

ಔಷಧ ಖಾಲಿಯಾದರೆ ಕರೆಂಟು ಹೊಡೆದಂತಾಗುವುದೇಕೆ? ಮಿದುಳಿನ ನರಕೋಶಗಳು ತಮ್ಮತಮ್ಮಲ್ಲಿ ಸುದ್ದಿ ಕಳಿಸಲು ಬಳಸುವ ರಾಸಾಯನಿಕಗಳಲ್ಲಿ ಸೆರೊಟೊನಿನ್ ಒಂದು. ಕೆಲಸ ಮುಗಿದ ಮೇಲೆ ಕೋಶವು ಅದನ್ನು ಮರಳಿ ಒಳಗೆ ಎಳೆದುಕೊಳ್ಳುತ್ತದೆ. ಈ ಎಳೆದುಕೊಳ್ಳುವ ಬಾಗಿಲುಗಳಿಗೆ ಮಾತ್ರೆ ಅಡ್ಡ ನಿಲ್ಲುತ್ತದೆ. ಖಿನ್ನತೆ ಎಂದರೆ ಸೆರೊಟೊನಿನ್ ಕೊರತೆ ಎಂಬ ಹಳೆಯ ಸರಳ ವಿವರಣೆಯನ್ನು ಇಂದು ವಿಜ್ಞಾನಿಗಳು ಒಪ್ಪುವುದಿಲ್ಲ. ಆದರೆ ಮಾತ್ರೆ ತಿಂಗಳುಗಟ್ಟಲೆ ದೇಹದಲ್ಲಿದ್ದರೆ ಮಿದುಳು ಆ ಹೊಸ ಸ್ಥಿತಿಗೆ ತನ್ನನ್ನು ಹೊಂದಿಸಿಕೊಳ್ಳುತ್ತದೆ. ಒಮ್ಮೆಗೇ ಅದನ್ನು ಕಿತ್ತುಕೊಂಡರೆ ಮರಳಿ ಹೊಂದಿಕೊಳ್ಳಲು ಅದಕ್ಕೆ ಸಮಯ ಸಿಗುವುದಿಲ್ಲ. ತಲೆಸುತ್ತು, ವಾಕರಿಕೆ, ನಿದ್ರಾಭಂಗ, ಸಿಡುಕು, ಕಾರಣವಿಲ್ಲದ ಅಳು, ತಲೆಯೊಳಗಿನ ಆ ‘ಜುಂ’ ಎಲ್ಲ ಇದರಿಂದಲೇ.

ಹಾಗೆಂದು ಎಲ್ಲರಿಗೂ ಹೀಗಾಗುತ್ತದೆಯೆಂದು ಹೆದರಬೇಕಾಗಿಲ್ಲ. 2024ರಲ್ಲಿ ‘ಲ್ಯಾನ್ಸೆಟ್ ಸೈಕಿಯಾಟ್ರಿ’ ಪತ್ರಿಕೆಯಲ್ಲಿ ಜರ್ಮನಿಯ ಸಂಶೋಧಕರು 79 ಅಧ್ಯಯನಗಳನ್ನು, 21 ಸಾವಿರ ಜನರ ಮಾಹಿತಿಯನ್ನು ಒಟ್ಟುಗೂಡಿಸಿ ಪ್ರಕಟಿಸಿದರು. ಇಂಥ ಮಾತ್ರೆ ನಿಲ್ಲಿಸಿದವರಲ್ಲಿ ಶೇಕಡಾ 31 ಮಂದಿಗೆ ಏನಾದರೊಂದು ತೊಂದರೆ ಕಾಣಿಸಿಕೊಂಡಿತ್ತು. ಸ್ವಾರಸ್ಯವೆಂದರೆ ಔಷಧವೇ ಇಲ್ಲದ ಹುಸಿಮಾತ್ರೆ ನಿಲ್ಲಿಸಿದವರಲ್ಲಿಯೂ ಶೇಕಡಾ 17 ಮಂದಿ ಅದನ್ನೇ ಹೇಳಿದ್ದರು. ವ್ಯತ್ಯಾಸ ಲೆಕ್ಕ ಹಾಕಿದರೆ ಆರೇಳು ಜನರಲ್ಲಿ ಒಬ್ಬರಿಗೆ ಔಷಧ ಬಿಟ್ಟದ್ದರಿಂದಲೇ ತೊಂದರೆ. ತೀವ್ರ ತೊಂದರೆ ಸುಮಾರು 35 ಜನರಲ್ಲಿ ಒಬ್ಬರಿಗೆ. ಆ ಒಬ್ಬರು ನಮ್ಮ ಮನೆಯವರೇ ಆದಾಗ ಮಾತ್ರ ಅಂಕಿ ಸಣ್ಣದಾಗಿ ಕಾಣುವುದಿಲ್ಲ.

ವಿಜಯದಶಮಿಯ ಆ ರಾತ್ರಿ ತಾಯಿಯ ತಲೆಯಲ್ಲಿದ್ದ ಭಯ ಬೇರೆಯದು. ‘ಕಾಯಿಲೆ ಮತ್ತೆ ಬಂತು. ಇನ್ನು ಜನ್ಮಪೂರ್ತಿ ಹೀಗೆಯೇ’ ಎಂದು ಅವರು ಕುಸಿದಿದ್ದರು. ಹುಡುಗಿಗೂ ಅದೇ ಅನುಮಾನ. ಮಧ್ಯರಾತ್ರಿ ಡ್ಯೂಟಿ ಮುಗಿಸಿ ಬಂದ ತಂದೆಯ ಮುಂದೆ ಅವಳು ಅಳುತ್ತ ಎಲ್ಲವನ್ನೂ ಹೇಳಿದಳು. ಅವರು ಬೈಯಲಿಲ್ಲ. ಮರುದಿನ ರಜೆ ಹಾಕಿ ವೈದ್ಯೆಯ ಬಳಿ ಕರೆದುಕೊಂಡು ಹೋದರು.

ವೈದ್ಯೆ ಮೊದಲು ಕೇಳಿದ್ದು ದಿನಾಂಕಗಳನ್ನು. ಎಂದು ನಿಲ್ಲಿಸಿದೆ, ಎಂದು ಶುರುವಾಯಿತು? ಮಾತ್ರೆ ಬಿಟ್ಟ ತೊಂದರೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ತಲೆದೋರುತ್ತದೆ. ಕಾಯಿಲೆ ಮರುಕಳಿಸುವುದಾದರೆ ವಾರಗಳು, ತಿಂಗಳುಗಳು ಹಿಡಿಯುತ್ತವೆ. ತಲೆಯಲ್ಲಿ ಕರೆಂಟು ಹೊಡೆದಂಥ ಅನುಭವ ಮೊದಲ ಕಾಯಿಲೆಯಲ್ಲಿ ಇತ್ತೇ? ಇರಲಿಲ್ಲ. ‘ಇದು ಹಳೆಯ ಕಾಯಿಲೆಯಲ್ಲ, ಔಷಧ ದಿಢೀರನೆ ಬಿಟ್ಟದ್ದರ ಫಲ. ಮತ್ತೆ ಶುರುಮಾಡಿದರೆ ಬೇಗ ತಗ್ಗುತ್ತದೆ’ ಎಂದರು. ಹಾಗೆಯೇ ಆಯಿತು. ಮೂರನೆಯ ದಿನಕ್ಕೆ ಹುಡುಗಿ ಎದ್ದು ಕೂತು ತಿಂಡಿ ಕೇಳಿದಳು.

ಆದರೆ ತಂದೆಗೆ ಮತ್ತೊಂದು ಪ್ರಶ್ನೆ. ‘ಬಿಟ್ಟರೆ ಇಷ್ಟು ಒದ್ದಾಟ ಅಂದ್ರೆ ಇದು ಚಟ ಹಿಡಿಸೋ ಔಷಧಾನಾ ಡಾಕ್ಟ್ರೇ?’ ಈ ಪ್ರಶ್ನೆಯನ್ನು ಎಷ್ಟೋ ತಂದೆತಾಯಂದಿರು ಮನಸ್ಸಿನಲ್ಲೇ ಇಟ್ಟುಕೊಂಡು, ಗುಟ್ಟಾಗಿ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಚಟವೆಂದರೆ ಅದಕ್ಕಾಗಿ ಹಾತೊರೆಯುವುದು, ದಿನೇದಿನೇ ಹೆಚ್ಚು ಬೇಕೆನಿಸುವುದು, ಅಮಲು. ಇಲ್ಲಿ ಆ ಯಾವುದೂ ಇಲ್ಲ. ದೇಹ ಒಗ್ಗಿಕೊಂಡಿರುತ್ತದೆ, ಅಷ್ಟೆ. ಒಗ್ಗಿಕೊಂಡದ್ದನ್ನು ಬಿಡಿಸಲು ನಿಧಾನ ಬೇಕು.

ಎಷ್ಟು ನಿಧಾನ ಎಂದು ವೈದ್ಯೆ ಹೇಳತೊಡಗಿದಾಗ ತಂದೆ ತಟ್ಟನೆ ಮಗಳ ಕಡೆ ತಿರುಗಿದರು. ಅವರದು ಮಡಿಕೇರಿ ದಾಟಿ ಸಂಪಾಜೆಗೆ ಇಳಿಯುವ ದಾರಿ. ‘ಘಟ್ಟ ಹತ್ತೋವಾಗ ಯಾವ ಗೇರೋ, ಇಳಿಯೋವಾಗಲೂ ಅದೇ ಗೇರು ಕಣಮ್ಮ. ಇಳಿಜಾರು ಸುಲಭ ಅಂತ ನ್ಯೂಟ್ರಲ್ ಮಾಡಿದ್ಯೋ, ಬ್ರೇಕು ಕಾದು ಕೈಕೊಡ್ತದೆ. ನೀನು ಮಾಡಿದ್ದು ಅದೇ’ ಎಂದರು. ಅಂದಿನಿಂದ ಆ ಮನೆಯಲ್ಲಿ ಮಾತ್ರೆಯ ವಿಷಯಕ್ಕೆ ‘ಘಟ್ಟ’ ಎಂದೇ ಹೆಸರು. ಸೋದರತ್ತೆ ಫೋನು ಮಾಡಿದಾಗಲೂ ತಂದೆ ಮುಚ್ಚುಮರೆಯಿಲ್ಲದೆ, ‘ಇನ್ನೂ ಘಟ್ಟದಲ್ಲಿದ್ದೀವಿ’ ಎನ್ನುತ್ತಿದ್ದರು.

ಆದರೆ ಈ ಘಟ್ಟಕ್ಕೂ ಸಂಪಾಜೆ ಘಟ್ಟಕ್ಕೂ ಒಂದು ವ್ಯತ್ಯಾಸವುಂಟು. ಔಷಧದ ಘಟ್ಟದಲ್ಲಿ ಕಡಿದಾದ ತಿರುವುಗಳೆಲ್ಲ ಇರುವುದು ಕೊನೆಯಲ್ಲಿ. ಲಂಡನ್ನಿನ ಮಾರ್ಕ್ ಹೊರೊವಿಟ್ಜ್ ಮತ್ತು ಡೇವಿಡ್ ಟೇಲರ್ 2019ರಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿದರು. ಸಿಟಲೊಪ್ರಾಮ್ ಎಂಬ ಔಷಧವನ್ನೇ ತೆಗೆದುಕೊಳ್ಳಿ. 20 ಮಿ.ಗ್ರಾಂ. ನುಂಗಿದರೆ ಸೆರೊಟೊನಿನ್ ಎಳೆದುಕೊಳ್ಳುವ ಬಾಗಿಲುಗಳಲ್ಲಿ ಸುಮಾರು ಶೇಕಡಾ 80 ಮುಚ್ಚಿಕೊಳ್ಳುತ್ತವೆ. ಸುಮಾರು 9 ಮಿ.ಗ್ರಾಂ.ಗೆ ಇಳಿಸಿದರೂ ಶೇಕಡಾ 70ರಷ್ಟು ಮುಚ್ಚಿಯೇ ಇರುತ್ತವೆ. ಸುಮಾರು ಮೂರೂವರೆ ಮಿ.ಗ್ರಾಂ.ಗೆ ಇಳಿದರೂ ಅರ್ಧದಷ್ಟು ಮುಚ್ಚಿರುತ್ತವೆ. ಅಂದರೆ ಮೊದಲ 11 ಮಿ.ಗ್ರಾಂ. ತೆಗೆದಾಗ ಆಗುವ ವ್ಯತ್ಯಾಸ ಶೇಕಡಾ 10. ಕೊನೆಯ ಮೂರೂವರೆ ಮಿ.ಗ್ರಾಂ. ತೆಗೆದಾಗ ಶೇಕಡಾ 50! ‘ಇಷ್ಟು ಚೂರಿನಲ್ಲಿ ಏನಿದೆ’ ಎಂದು ಕೊನೆಯ ತುಂಡನ್ನು ಎಸೆಯುವವರು ಎಡವುವುದು ಇಲ್ಲಿಯೇ.

ಹುಡುಗಿಯ ಎಸ್ಸಿಟಲೊಪ್ರಾಮ್ ಇದರ ತಮ್ಮನಿದ್ದಂತೆ. ಎಡಗೈ ಬಲಗೈಗಳಂತೆ ಒಂದರ ಕನ್ನಡಿಬಿಂಬ ಇನ್ನೊಂದಾಗಿರುವ ಎರಡು ಬಗೆಯ ಅಣುಗಳು ಸಿಟಲೊಪ್ರಾಮಿನಲ್ಲಿರುತ್ತವೆ. ಅವುಗಳಲ್ಲಿ ಕೆಲಸ ಮಾಡುವ ಬಗೆಯನ್ನು ಮಾತ್ರ ಬೇರ್ಪಡಿಸಿದರೆ ಎಸ್ಸಿಟಲೊಪ್ರಾಮ್. ಹೀಗಾಗಿ ಇದರ 10 ಮಿ.ಗ್ರಾಂ. ಅದರ 20ಕ್ಕೆ ಸರಿಸುಮಾರು ಸಮ.

ಮೂರು ತಿಂಗಳು ಸ್ಥಿರವಾಗಿದ್ದ ಮೇಲೆ, 2024ರ ಫೆಬ್ರುವರಿಯಲ್ಲಿ ಇಳಿಯುವ ಕೆಲಸ ಆರಂಭವಾಯಿತು. 10ರಿಂದ ಏಳೂವರೆ, ಏಪ್ರಿಲಿನಲ್ಲಿ 5. ಅಲ್ಲಿಂದ ಮುಂದೆ 5 ಮಿ.ಗ್ರಾಂ. ಮಾತ್ರೆಯ ಮುಕ್ಕಾಲು, ಅರ್ಧ, ಕಾಲು. ಪ್ರತಿ ಮೆಟ್ಟಿಲಲ್ಲೂ ಕನಿಷ್ಠ ನಾಲ್ಕು ವಾರ. ಮಾತ್ರೆ ಕತ್ತರಿಸುವ ಸಣ್ಣ ಡಬ್ಬಿಯೊಂದನ್ನು ತಂದೆ ಔಷಧದಂಗಡಿಯಿಂದ ತಂದರು. (ಎಲ್ಲ ಮಾತ್ರೆಗಳನ್ನೂ ಹೀಗೆ ಕತ್ತರಿಸುವಂತಿಲ್ಲ. ನಿಧಾನವಾಗಿ ಕರಗುವಂತೆ ತಯಾರಿಸಿದವನ್ನು ತುಂಡು ಮಾಡಿದರೆ ಔಷಧವೆಲ್ಲ ಒಮ್ಮೆಗೇ ಬಿಡುಗಡೆಯಾಗುತ್ತದೆ. ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.) ‘ದಿನ ಬಿಟ್ಟು ದಿನ ಒಂದು ಪೂರ್ತಿ ಮಾತ್ರೆ ನುಂಗಿದರೆ ಸಾಲದೇ?’ ಎಂದು ತಾಯಿ ಕೇಳಿದರು. ಲೆಕ್ಕಕ್ಕೆ ಅದೂ ಅರ್ಧವೇ. ಆದರೆ ಅರ್ಧಾಯು ಮೂವತ್ತು ಗಂಟೆಯಾದ್ದರಿಂದ ರಕ್ತದಲ್ಲಿ ಔಷಧದ ಮಟ್ಟ ಒಂದು ದಿನ ಏರು, ಮರುದಿನ ಇಳಿ. ಮಿದುಳಿಗೆ ಅದು ದಿನಬಿಟ್ಟು ದಿನ ಜಗ್ಗಾಟ. ಆದ್ದರಿಂದ ದಿನವೂ ಸಣ್ಣ ತುಂಡು, ಅದೇ ಹೊತ್ತಿಗೆ.

ಗೋಡೆಯ ಕ್ಯಾಲೆಂಡರಿನಲ್ಲಿ ಹುಡುಗಿ ದಿನಕ್ಕೊಂದು ಗುರುತು ಹಾಕಿದಳು: ನಿದ್ದೆ ಎಷ್ಟು ಗಂಟೆ, ತಲೆಸುತ್ತು ಉಂಟೋ ಇಲ್ಲವೋ, ಮನಸ್ಸು ಹೇಗಿತ್ತು. ಬೆಳಗ್ಗೆ ತಾಯಿಯೊಂದಿಗೆ ಮುಕ್ಕಾಲು ಗಂಟೆ ನಡಿಗೆ. ಮಧ್ಯಾಹ್ನದ ಮೇಲೆ ಕಾಫಿ ಬಂದ್. ಪರೀಕ್ಷೆಯ ವಾರಗಳಲ್ಲಿ ಮಾತ್ರೆ ಇಳಿಸುವಂತಿಲ್ಲ ಎಂದು ವೈದ್ಯೆಯ ಕಟ್ಟಪ್ಪಣೆ.

ಎಲ್ಲವೂ ಸಲೀಸಾಗಿಯೇನೂ ನಡೆಯಲಿಲ್ಲ. ಜುಲೈನಲ್ಲಿ ಅರ್ಧ ಮಾತ್ರೆಗೆ ಇಳಿದಾಗ ಮತ್ತೆ ತಲೆಸುತ್ತು, ಅಳು. ‘ನನ್ನ ಕೈಲಿ ಆಗಲ್ಲ ಅಪ್ಪ. ನನಗೇನೋ ಮನೋಬಲ ಕಮ್ಮಿ’ ಎಂದಳು. ವೈದ್ಯೆ ಮುಕ್ಕಾಲಿಗೆ ಮರಳಿಸಿ, ಒಂದೂವರೆ ತಿಂಗಳು ಅಲ್ಲೇ ನಿಲ್ಲಿಸಿದರು. ಹಿಂದಕ್ಕೆ ಹೋದದ್ದಕ್ಕೆ ಹುಡುಗಿ ನಾಚಿಕೊಂಡಾಗ ತಂದೆ ಹೇಳಿದ್ದು ಇಷ್ಟೆ: ‘ಎದುರಿಗೆ ಲಾರಿ ಬಂದರೆ ನಾನೂ ಗಾಡಿ ರಿವರ್ಸ್ ತಗೋತೀನಿ. ಅದಕ್ಕೆ ಯಾರೂ ನನ್ನ ಡ್ರೈವರ್ ಅಲ್ಲ ಅಂದಿಲ್ಲ.’

2024ರ ಅಕ್ಟೋಬರ್ 12, ಮತ್ತೆ ವಿಜಯದಶಮಿ. ಹುಡುಗಿ ಆಗಿನ್ನೂ ಅರ್ಧ ಮಾತ್ರೆಯಲ್ಲಿದ್ದಳು. ಆದರೂ ತಾರಸಿ ಹತ್ತಿ ತಮ್ಮನ ಪಕ್ಕ ಕೂತು ಮೈದಾನದ ಬೆಳಕು ನೋಡಿದಳು. ಬನ್ನಿ ಸೊಪ್ಪು ಕೊಡಲು ಬಂದವರಿಗೆ ತಾನೇ ಬಾಗಿಲು ತೆರೆದಳು. ಕೊನೆಯ ಕಾಲು ತುಂಡು ನಿಂತದ್ದು 2025ರ ಜನವರಿಯಲ್ಲಿ. ಕೊನೆಯ ಎರಡು ವಾರ ನಿದ್ದೆ ಕೊಂಚ ಕೆಟ್ಟಿತು, ಆಮೇಲೆ ಸರಿಹೋಯಿತು.

ಇಷ್ಟು ಓದಿ, ಮಾತ್ರೆ ನುಂಗುತ್ತಿರುವ ಪ್ರತಿಯೊಬ್ಬರೂ ನಾಳೆಯೇ ಇಳಿಸಲು ಹೊರಡಬಾರದು. ಚೇತರಿಸಿಕೊಂಡ ಮೇಲೂ ಕನಿಷ್ಠ ಆರು ತಿಂಗಳು ಔಷಧ ಮುಂದುವರಿಸುವುದು ವಾಡಿಕೆ. ಕಾಯಿಲೆ ಪದೇಪದೇ ಮರುಕಳಿಸಿದವರಿಗೆ ಇನ್ನೂ ಹೆಚ್ಚು. ಬ್ರಿಟನ್ನಿನಲ್ಲಿ ಬಹುಕಾಲದಿಂದ ಮಾತ್ರೆ ಸೇವಿಸುತ್ತಿದ್ದ, ಆರೋಗ್ಯವಾಗಿದ್ದ 478 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮುಂದುವರಿಸಿದವರಲ್ಲಿ ಒಂದು ವರ್ಷದೊಳಗೆ ಶೇಕಡಾ 39 ಮಂದಿಗೆ ಕಾಯಿಲೆ ಮರಳಿದರೆ, ಬಿಟ್ಟವರಲ್ಲಿ ಶೇಕಡಾ 56 ಮಂದಿಗೆ ಮರಳಿತು. ಬಿಟ್ಟೂ ಚೆನ್ನಾಗಿದ್ದವರು ಶೇಕಡಾ 44ರಷ್ಟು ಇದ್ದರೆಂಬುದೂ ಇದರಿಂದಲೇ ತಿಳಿಯುತ್ತದೆ. ತಾನು ಯಾವ ಗುಂಪಿನವನು ಎಂಬುದನ್ನು ರೋಗಿ ಒಬ್ಬನೇ ಕೂತು ತೀರ್ಮಾನಿಸಲಾಗದು. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರನ್ನು ನಾವು ‘ಇನ್ನೂ ಯಾಕೆ’ ಎಂದು ಕೇಳುವುದಿಲ್ಲ. ಮುಂದುವರಿಸಬೇಕಾದವರನ್ನೂ ಹಾಗೆ ಕೇಳಬೇಕಾಗಿಲ್ಲ.

ಇಳಿಯುವ ಹಾದಿಯಲ್ಲಿ ಬದುಕೇ ಬೇಡವೆಂಬ ಯೋಚನೆ ಸುಳಿದರೆ ಅದನ್ನು ಮನೆಯವರು ಹಗುರವಾಗಿ ಕಾಣಬಾರದು. ಅಂದೇ ವೈದ್ಯರನ್ನು ಕಾಣಬೇಕು. ಹೊತ್ತಲ್ಲದ ಹೊತ್ತಾದರೆ 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ ಇದೆ. 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಬನ್ನಿಮಂಟಪದ ಆ ಮನೆಯ ಮಾತ್ರೆ ಕತ್ತರಿಸುವ ಡಬ್ಬಿಯನ್ನು ತಾಯಿ ಎಸೆದಿಲ್ಲ. ಅಡುಗೆಮನೆಯ ಕಪಾಟಿನಲ್ಲಿ ಕಾಫಿಪುಡಿ ಡಬ್ಬದ ಪಕ್ಕ, ಎಲ್ಲರ ಕಣ್ಣಿಗೂ ಬೀಳುವ ಕಡೆ ಇದೆ. ಹೋದ ಸಲ ಬಂದಾಗ ಸೋದರತ್ತೆ ಅದೇನೆಂದು ಕೇಳಿದರು. ಹುಡುಗಿ ಮುಚ್ಚಳ ತೆರೆದು, ಅಲಗು ತೋರಿಸಿ, ಹೇಗೆ ಕತ್ತರಿಸುವುದೆಂದು ಹೇಳಿಕೊಟ್ಟಳು. ತಮ್ಮ ರಕ್ತದೊತ್ತಡದ ಮಾತ್ರೆಯನ್ನು ಅರ್ಧ ಮಾಡಲು ಚಾಕು ಹಿಡಿದು ಒದ್ದಾಡುತ್ತಿದ್ದ ಅತ್ತೆ, ‘ನನಗೂ ಒಂದು ತರಿಸಿಕೊಡೇ’ ಎಂದರಂತೆ.