ಮೊಲದ ಕೊಂಬೂ ಮೊಲದ ಹೊಟ್ಟೆಯೂ

ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ತರ್ಕವನ್ನು ಓದುತ್ತಿದ್ದಾಗ ‘ಶಶವಿಷಾಣ’ವೆಂಬ ಮಾತನ್ನು ನಾವು ಎಷ್ಟು ಸಲ ಉರುಹಾಕಿದೆವೋ ಲೆಕ್ಕವಿಲ್ಲ. ಎಲ್ಲಿಯೂ ಇಲ್ಲದ ವಸ್ತುವಿಗೆ ಶಾಸ್ತ್ರಕಾರರು ಕೊಡುವ ಉದಾಹರಣೆಯೇ ಮೊಲದ ಕೊಂಬು. ಇಲ್ಲದ ಆ ಕೊಂಬನ್ನು ಹಿಡಿದು ಗಂಟೆಗಟ್ಟಲೆ ವಾದಮಾಡಬಲ್ಲವರಾಗಿದ್ದ ನಮಗೆ, ಕಣ್ಣೆದುರಿಗಿರುವ ಮೊಲದ ಹೊಟ್ಟೆಯ ವಿಷಯದಲ್ಲಿ ಅರವತ್ತೈದು ದಾಟುವವರೆಗೆ ಒಂದಕ್ಷರವೂ ತಿಳಿದಿರಲಿಲ್ಲ. ಓದುಗ ಬಂಧುಗಳು ನಮ್ಮ ಲೇಖನಿಯಿಂದ ಪಾಠಾಂತರಗಳ ಚರ್ಚೆಯನ್ನು ನಿರೀಕ್ಷಿಸುವುದು ಸಹಜ. ಈ ತಿಂಗಳ ಮಟ್ಟಿಗೆ ಕ್ಷಮಿಸಬೇಕು.

ಎರಡು ವರ್ಷಗಳ ಹಿಂದೆ ಮೊಮ್ಮಗಳು ಹಟಹಿಡಿದು ಧಾರವಾಡದ ನಮ್ಮ ಮನೆಗೆ ಒಂದು ಬಿಳಿಯ ಮೊಲವನ್ನು ತರಿಸಿಕೊಂಡಳು. ಹತ್ತಿಯ ಸೀಮೆಯ ಮಗುವಾದುದರಿಂದ ಅದಕ್ಕೆ ‘ಅರಳೆ’ ಎಂದು ಹೆಸರಿಟ್ಟಳು. ನಮ್ಮ ಹೊಲಗಳಲ್ಲಿ ಜಿಗಿದೋಡುವ ಕಾಡುಮೊಲವೇ ಬೇರೆ, ಈ ಸಾಕುಮೊಲವೇ ಬೇರೆ. ಕಾಡುಮೊಲದ ಮರಿ ಹುಟ್ಟುವಾಗಲೇ ಮೈತುಂಬ ಕೂದಲಿದ್ದು ಕಣ್ಣು ತೆರೆದಿರುತ್ತದೆ. ಸಾಕುಮೊಲದ ಮರಿಯಾದರೋ ಬತ್ತಲೆಯಾಗಿ, ಕಣ್ಣುಮುಚ್ಚಿಕೊಂಡೇ ಹುಟ್ಟುತ್ತದೆ. ಇದರ ಮೂಲ ಯೂರೋಪಿನ ಸ್ಪೇನ್, ಪೋರ್ಚುಗಲ್ ದೇಶಗಳ ಕಡೆಗೆ. ಕಾಡುಮೊಲವನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧವೆಂಬುದನ್ನೂ ಇಲ್ಲಿ ಹೇಳಿಬಿಡುವುದು ಒಳ್ಳೆಯದು.

ಅರಳೆಗೆ ಏನು ಹಾಕಬೇಕೆಂಬುದನ್ನು ಮೊಮ್ಮಗಳು ವಿಚಾರಿಸಿ ಬರೆದುಕೊಂಡಿದ್ದಳು. ಅವಳು ಹಾಕುತ್ತಿದ್ದುದು ಒಣಹುಲ್ಲು, ಗರಿಕೆ, ಒಂದಿಷ್ಟು ಕೊತ್ತಂಬರಿ. ನಮಗೆ ಅದನ್ನು ಕಂಡು ಮರುಕವಾಗುತ್ತಿತ್ತು. ಮನೆಯ ಜನರೆಲ್ಲ ಬಗೆಬಗೆಯಾಗಿ ಉಣ್ಣುತ್ತಿರುವಾಗ ಈ ಮೂಕಜೀವಿಗೆ ದಿನವೂ ಒಣಹುಲ್ಲೇ ಗತಿಯೆ? ಮಠದ ಪಂಕ್ತಿಯಲ್ಲಿ ಬೆಳೆದವರಿಗೆ ಎದುರಿಗಿರುವವರನ್ನು ಬಿಟ್ಟು ಉಣ್ಣುವುದು ಕಷ್ಟ. ಬೆಳಗಿನ ಪೂಜೆ ಮುಗಿದ ಮೇಲೆ ಯಾರೂ ಕಾಣದಂತೆ ಬಾಳೆಹಣ್ಣಿನ ಒಂದು ತುಂಡನ್ನು ಕೊಡತೊಡಗಿದೆವು. ಅದು ಎರಡು ಕಾಲಮೇಲೆ ನಿಂತು ನಮ್ಮ ಕೈಯನ್ನೇ ಕಾಯತೊಡಗಿತು. ಬಾಳೆಹಣ್ಣಿನ ಜೊತೆಗೆ ರೊಟ್ಟಿಯ ಚೂರು, ಪುಟಾಣಿ ಸೇರಿದವು. ಶ್ರಾವಣ ಬಂದು ನಾಗರಪಂಚಮಿಯಾದಾಗ ಮನೆಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ತುಂಬಿದ್ದವು. ಹಬ್ಬದ ಆ ಎರಡು ದಿನ ಅರಳೆಗೂ ಹಬ್ಬವಾಯಿತು.

ಮೂರನೆಯ ದಿನ ಸಂಜೆ ಮೊಮ್ಮಗಳು ಬಂದು, “ಅಜ್ಜಾ, ಅರಳೆ ಏನೂ ತಿನ್ನವಲ್ದು” ಎಂದಳು. ಹೋಗಿ ನೋಡಿದರೆ ಮೂಲೆಯಲ್ಲಿ ಬೆನ್ನು ಗೂನುಮಾಡಿಕೊಂಡು ಕುಳಿತಿತ್ತು. ಹಲ್ಲನ್ನು ಕಟಕಟನೆ ಮಸೆಯುತ್ತಿತ್ತು. ಬೆಳಗಿನಿಂದ ಒಂದು ಹಿಕ್ಕೆಯನ್ನೂ ಹಾಕಿರಲಿಲ್ಲ. ಮಗ ಸಿಟ್ಟಿನಿಂದ, “ಬಿಸ್ಕೀಟು ಹಾಕೀಯೇನು? ಖರೆ ಹೇಳು” ಎಂದು ಮಗುವನ್ನು ಗದರಿದನು. ಅವಳು ಇಲ್ಲವೆಂದಷ್ಟೂ ಅವನ ಸಂಶಯ ಹೆಚ್ಚಾಯಿತು. ಅವಳು ಅಳುತ್ತ ಮಲಗಿದಳು. ನಾವು ಪಕ್ಕದ ಕೋಣೆಯಲ್ಲಿ ಪುಸ್ತಕವೊಂದನ್ನು ತೆರೆದುಕೊಂಡು ಕುಳಿತಿದ್ದೆವು. ಬಾಯಿ ತೆರೆಯಲಿಲ್ಲ. ನಾಳೆ ತಾನೇ ಸರಿಹೋಗಬಹುದು, ಆಗ ಹೇಳುವ ಪ್ರಸಂಗವೇ ಬರಲಾರದು ಎಂಬುದು ನಮ್ಮ ಲೆಕ್ಕಾಚಾರ. ಆ ರಾತ್ರಿಯನ್ನು ನೆನೆದರೆ ಈಗಲೂ ಮುಖ ತಗ್ಗುತ್ತದೆ.

ಬಂಧುವೊಬ್ಬರು ಮಕ್ಕಳ ಕೆಮ್ಮಿಗೆ ತಂದು ಉಳಿದಿದ್ದ ಅಮಾಕ್ಸಿಸಿಲಿನ್ ಔಷಧವನ್ನು ನಾಲ್ಕು ಹನಿ ಹಾಕಿರೆಂದು ಫೋನಿನಲ್ಲಿ ಸಲಹೆ ಕೊಟ್ಟರು. ಬಾಟಲಿ ಸಿಗದೆ ಹೋದುದು ಅರಳೆಯ ಪುಣ್ಯ. ಏಕೆಂದರೆ ಮರುದಿನ ತಿಳಿದಂತೆ, ಆ ಜಾತಿಯ ಔಷಧ ಬಾಯಿಂದ ಒಳಗೆ ಹೋದರೆ ಮೊಲದ ಕರುಳಿನ ಹಿತಕಾರಿ ಸೂಕ್ಷ್ಮಜೀವಿಗಳು ಸತ್ತು, ವಿಷಕಾರಿಗಳು ಬೆಳೆದು, ಪ್ರಾಣವೇ ಹೋಗಬಹುದು.

ಬೆಳಗಾಗುವುದನ್ನೇ ಕಾದು ಪಶುವೈದ್ಯರಲ್ಲಿಗೆ ಒಯ್ದೆವು. ವೈದ್ಯರು ಇನ್ನೂ ಎಳೆಯ ವಯಸ್ಸಿನ ಹೆಣ್ಣುಮಗಳು. ಹೊಟ್ಟೆಯನ್ನು ಮೆಲ್ಲನೆ ಮುಟ್ಟಿನೋಡಿ, ಎರಡೂ ಪಕ್ಕಕ್ಕೆ ಕಿವಿಗೊಳವೆ ಇಟ್ಟು ಕೇಳಿ, “ಏನೇನು ತಿನ್ನಿಸೀರಿ?” ಎಂದರು. ಮೊಮ್ಮಗಳು ತನ್ನ ಪಟ್ಟಿಯನ್ನು ಒಪ್ಪಿಸಿದಳು. ಮಗ ಅವಳ ಕಡೆಗೆ ಕಣ್ಣು ಕಿಸಿದನು. ಅದಕ್ಕಿಂತ ಮುಂದೆ ನಮಗೆ ತಡೆಯಲಾಗಲಿಲ್ಲ. ಬಾಳೆಹಣ್ಣಿನಿಂದ ಹಿಡಿದು ತಂಬಿಟ್ಟಿನವರೆಗೆ ಎಲ್ಲವನ್ನೂ ಹೇಳಿದೆವು. ಮಗು ನಮ್ಮನ್ನೊಮ್ಮೆ ನೋಡಿತು. ಸಿಟ್ಟಿನ ನೋಟವಾಗಿದ್ದರೆ ಸಹಿಸಬಹುದಾಗಿತ್ತು.

“ಅಜ್ಜಾರ, ನೀವು ಪ್ರೀತಿಲೆ ಕೊಟ್ಟೀರಿ, ಖರೆ. ಆದ್ರ ಅದರ ಹೊಟ್ಟಿ ತಡಕೊಳ್ಳಬೇಕಲ್ಲ” ಎಂದು ವೈದ್ಯರು ಬಿಡಿಸಿ ಹೇಳಿದರು. ಮೊಲಕ್ಕೆ ವಾಂತಿ ಮಾಡಿಕೊಳ್ಳಲು ಬರುವುದಿಲ್ಲ. ಒಳಗೆ ಹೋದುದು ಮುಂದಕ್ಕೇ ಸಾಗಬೇಕು. ಸಾಗಿಸುವುದು ನಾರು. ಸಣ್ಣಕರುಳೂ ದೊಡ್ಡಕರುಳೂ ಕೂಡುವಲ್ಲಿ ದೊಡ್ಡ ಚೀಲವೊಂದಿದ್ದು, ಅಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳು ಹುಲ್ಲನ್ನು ಹುಳಿಯಿಸಿ ಆಹಾರ ಮಾಡಿಕೊಡುತ್ತವೆ. ಸಿಹಿಯೂ ಹಿಟ್ಟೂ ಬಿದ್ದರೆ ಆ ಜೀವಿಗಳ ಸಮತೋಲ ಕೆಡುತ್ತದೆ, ವಾಯು ತುಂಬುತ್ತದೆ, ನೋವಿಗೆ ಪ್ರಾಣಿ ತಿನ್ನುವುದನ್ನು ಬಿಡುತ್ತದೆ. ತಿನ್ನುವುದನ್ನು ಬಿಟ್ಟಿತೆಂದರೆ ಕರುಳು ಮತ್ತಷ್ಟು ನಿಲ್ಲುತ್ತದೆ. ಹನ್ನೆರಡು ತಾಸು ಮೊಲ ಏನೂ ತಿನ್ನದಿದ್ದರೆ ನಾಳೆ ನೋಡೋಣವೆಂದು ಕೂಡ್ರಬಾರದಂತೆ. ನಾವು ಕುಳಿತದ್ದು ಅದಕ್ಕೂ ಹೆಚ್ಚು ಹೊತ್ತು.

ಇನ್ನೊಂದು ಮಾತನ್ನು ಸಂಕೋಚದಿಂದಲೇ ಕೇಳಿದೆವು. ರಾತ್ರಿಯ ಹೊತ್ತು ಅದು ತನ್ನ ಮೆತ್ತನೆಯ ಹಿಕ್ಕೆಯನ್ನು ತಾನೇ ಬಾಯಿಹಾಕಿ ತಿನ್ನುವುದನ್ನು ಕಂಡಿದ್ದೆವು. ಹಸಿವೆಯಿಂದ ಹೊಲಸು ತಿನ್ನುತ್ತಿದೆಯೆಂದು ಭ್ರಮಿಸಿ ಬಾಳೆಹಣ್ಣನ್ನು ಹೆಚ್ಚಿಸಿದ್ದೂ ಉಂಟು. ವೈದ್ಯರು ನಕ್ಕರು. ಅದು ಕಸವಲ್ಲ, ಆ ಚೀಲದಲ್ಲಿ ಸಿದ್ಧವಾದ ಎರಡನೆಯ ಊಟ. ಸಸಾರಜನಕವೂ ‘ಬಿ’ ಜೀವಸತ್ವಗಳೂ ಅದರಲ್ಲಿರುತ್ತವೆ. ಆಕಳು ಮೆಲುಕು ಹಾಕಿದಂತೆ ಇದು ಮೊಲದ ಕ್ರಮ. ದಾರಿ ಮಾತ್ರ ಸುತ್ತು.

ಚರ್ಮದಡಿಯಲ್ಲಿ ನೀರು ಹಾಯಿಸಿದರು, ನೋವಿಗೂ ಕರುಳಿನ ಚಲನೆಗೂ ಔಷಧ ಕೊಟ್ಟರು. ಎಲ್ಲಿಯೂ ಅಡ್ಡಗಟ್ಟಿಲ್ಲವೆಂದು ಖಚಿತವಾದ ಮೇಲೆ ನಾರಿನ ಪುಡಿಯನ್ನು ನೀರಿನಲ್ಲಿ ಕಲಸಿ ಸೂಜಿಯಿಲ್ಲದ ಪಿಚಕಾರಿಯಿಂದ ಹನಿಹನಿಯಾಗಿ ಕುಡಿಸಲು ಕಲಿಸಿದರು. ಎರಡು ದಿನ ಮೊಮ್ಮಗಳೂ ನಾವೂ ಸರದಿಯಂತೆ ಎಚ್ಚರವಿದ್ದೆವು. ಅವಳು ನಮ್ಮೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಮೂರನೆಯ ದಿನ ನಸುಕಿನಲ್ಲಿ, “ಅಜ್ಜಾ, ನಾಕು ಹಿಕ್ಕಿ!” ಎಂದು ಕೂಗಿದಳು. ಪ್ರಶಸ್ತಿ ಬಂದ ದಿನವೂ ನಮ್ಮ ಮನೆಯಲ್ಲಿ ಅಷ್ಟು ಸಂಭ್ರಮವಾಗಿರಲಿಲ್ಲ.

ಆಗ ನಮಗೆ ನೆನಪಾದವರು ಮಠದ ಗೋಶಾಲೆಯ ಮುದುಕರು. 1970ರ ದಶಕದಲ್ಲಿ ಪಾಠ ಮುಗಿಸಿ ನಾವು ಅವರ ಕೈಕೆಳಗೆ ಮೇವು ಹಾಕುತ್ತಿದ್ದೆವು. ಬೆಳಗಾದರೆ ಅವರು ಮೊದಲು ನೋಡುತ್ತಿದ್ದುದು ದನದ ಮುಖವನ್ನಲ್ಲ, ಸೆಗಣಿಯನ್ನು. ಮೊದಲ ಮಳೆಗೆ ಹಸಿರು ಚಿಗುರಿದಾಗ ಅದನ್ನು ಒಮ್ಮೆಲೇ ಹಾಕಲು ಬಿಡುತ್ತಿರಲಿಲ್ಲ. ಕಣಕಿಯೊಡನೆ ಬೆರೆಸಿ, ದಿನದಿನಕ್ಕೆ ಹಿಡಿಹಿಡಿಯಾಗಿ ಹೆಚ್ಚಿಸುತ್ತಿದ್ದರು. ಇಲ್ಲವಾದರೆ ಹೊಟ್ಟೆಯುಬ್ಬರ. ಎಳೆಜೋಳದ ಹೊಲಕ್ಕೆ ದನ ನುಗ್ಗದಂತೆ ರಾತ್ರಿಯೆಲ್ಲ ಕಾಯುತ್ತಿದ್ದರು, ಆ ಎಳೆಯ ಬೆಳೆಯಲ್ಲಿ ದನವನ್ನು ಕೊಲ್ಲುವ ವಿಷವಿರುತ್ತದೆಂದು. ಇಷ್ಟನ್ನೂ ಕೈಯಾರೆ ಕಲಿತಿದ್ದ ನಾವು ಗ್ರಂಥಗಳ ನಡುವೆ ಮರೆತುಬಿಟ್ಟಿದ್ದೆವು.

ಅರಳೆಯ ಹೊಟ್ಟೆ ಅಂದಿನಿಂದ ಸೂಕ್ಷ್ಮವಾಗಿಯೇ ಉಳಿದಿದೆ. ಹಗಲಿರುಳೂ ಒಣಹುಲ್ಲು ಅದರ ಮುಂದಿರಬೇಕು. ತಿನ್ನುವುದರಲ್ಲಿ ನೂರಕ್ಕೆ ಎಂಬತ್ತು ಪಾಲು ಅದೇ ಆಗಿರಬೇಕು. ಜೀವಮಾನವಿಡೀ ಬೆಳೆಯುವ ಅದರ ಹಲ್ಲು ಸವೆಯುವುದಕ್ಕೂ ಹುಲ್ಲಿನ ಅಗಿತವೇ ಬೇಕು. ಗರಿಕೆಯನ್ನು ತೊಳೆದು ನೀರು ಆರಿಸಿ ಹಾಕುತ್ತೇವೆ. ಹೊಸ ಸೊಪ್ಪಾದರೆ ಒಮ್ಮೆಗೆ ಒಂದೇ, ಅದೂ ಎರಡೆಲೆ. ಮರುದಿನದ ಹಿಕ್ಕೆಯನ್ನು ನೋಡಿ ಮುಂದಿನ ಮಾತು. ಕೊತ್ತಂಬರಿ, ಮೂಲಂಗಿಯ ಸೊಪ್ಪು ಒಗ್ಗಿದವು, ಎಲೆಕೋಸು ಒಗ್ಗಲಿಲ್ಲ. ಕುದುರೆಮಸಾಲೆ ಸೊಪ್ಪು ಬೆಳೆಯುವ ಮರಿಗೆ ಸರಿ, ದೊಡ್ಡ ಮೊಲಕ್ಕೆ ಅದರ ಸುಣ್ಣದಂಶ ಹೆಚ್ಚಾಗುತ್ತದೆ. ಚಿತ್ರಗಳಲ್ಲೆಲ್ಲ ಮೊಲದ ಕೈಗೆ ಕೊಡುವ ಗಜ್ಜರಿಯೂ ಸಿಹಿಯೇ ಆದುದರಿಂದ ಬೆರಳುಗುರಿನಷ್ಟು, ಅಪರೂಪಕ್ಕೆ. ಅಂಗಡಿಯ ಗುಳಿಗೆ ಆಹಾರ ದೇಹತೂಕದ ಕಿಲೋ ಒಂದಕ್ಕೆ ದಿನಕ್ಕೆ 25 ಗ್ರಾಮು ಮೀರುವಂತಿಲ್ಲ. ಅದನ್ನು ತೂಗುವವಳು ಮೊಮ್ಮಗಳು. ತಕ್ಕಡಿಯನ್ನು ನಮ್ಮ ಕೈಗೆ ಕೊಡುವುದಿಲ್ಲ.

ಮರುವರ್ಷದ ಪಂಚಮಿಗೆ ಗೂಡಿನ ಮೇಲೆ ದುಂಡು ಅಕ್ಷರದ ಚೀಟಿಯೊಂದು ಅಂಟಿತ್ತು: “ಅಜ್ಜ ಏನೂ ಹಾಕಬಾರದು.” ಹಬ್ಬ ಮುಗಿದ ಮೇಲೂ ಅವಳು ಅದನ್ನು ತೆಗೆಯಲಿಲ್ಲ, ನಾವೂ ತೆಗೆಯೆಂದು ಕೇಳಲಿಲ್ಲ. ಕಳೆದ ತಿಂಗಳು ಮಾತ್ರ ‘ಏನೂ’ ಎಂಬುದನ್ನು ಹೊಡೆದುಹಾಕಿ, ಅದರ ಮೇಲೆ ಸಣ್ಣದಾಗಿ ‘ಗರಿಕೆ ಬಿಟ್ಟು ಬ್ಯಾರೆ’ ಎಂದು ತಿದ್ದಿದ್ದಾಳೆ.