ಹಂಡೆಯ ಕಂಠದ ಮೇಲೆ ಹೊಡೆದ ಹೆಸರು

2023ರ ಮೇ 23. ಲಂಡನ್ನಿನ ನ್ಯೂ ಬಾಂಡ್ ಸ್ಟ್ರೀಟಿನಲ್ಲಿರುವ ಬೋನಮ್ಸ್ ಹರಾಜು ಮನೆ. ನೀವು ಮಳವಳ್ಳಿ ಕಡೆಯ ಬೆಳಕವಾಡಿಯವರು, ಹಿಂದಿನ ಸಾಲಿನಲ್ಲಿ ನಿಂತಿದ್ದೀರಿ. ಟಿಪ್ಪು ಸುಲ್ತಾನನ ಮಲಗುವ ಕೋಣೆಯ ಖಡ್ಗ ಸವಾಲಿಗೆ ಬಂದಿದೆ. ಹಿಡಿಯ ಉಕ್ಕಿನ ಮೇಲೆ ಚಿನ್ನದಲ್ಲಿ ಬರೆದ ಅಕ್ಷರಗಳು, ಅಲಗಿನ ಮೇಲೆ ‘ಶಂಶೀರ್-ಎ-ಮಲಿಕ್’, ರಾಜನ ಖಡ್ಗ. ನಮ್ಮಲ್ಲಿ ಹುಣಸೆಮರದ ಹರಾಜಿಗೂ ಮೊದಲು ‘ಸರ್ಕಾರಿ ಸವಾಲ್’ ಇಷ್ಟು ಅಂತ ಕೂಗುತ್ತಾರಲ್ಲ, ಇಲ್ಲಿ ಅದರ ಜಾಗದಲ್ಲಿ ಅಂದಾಜು ಬೆಲೆಯೊಂದಿದೆ: 15ರಿಂದ 20 ಲಕ್ಷ ಪೌಂಡ್. ಆ ಗಡಿ ಎಂದೋ ದಾಟಿಹೋಯಿತು. ಸವಾಲು ಕೂಗುತ್ತಿರುವವರಲ್ಲಿ ಇಬ್ಬರು ಫೋನಿನಲ್ಲಿದ್ದಾರೆ, ಒಬ್ಬರು ಸಭಾಂಗಣದಲ್ಲೇ ಇದ್ದಾರೆ. ಯಾರೂ ಬಿಟ್ಟುಕೊಡುತ್ತಿಲ್ಲ. ಸುತ್ತಿಗೆ ಬಿದ್ದು ಕಮಿಷನ್ನೆಲ್ಲ ಸೇರಿದಾಗ ಲೆಕ್ಕ ನಿಂತದ್ದು 1,40,80,900 ಪೌಂಡಿಗೆ. ನಮ್ಮ ದುಡ್ಡಿನಲ್ಲಿ 140 ಕೋಟಿ ರೂಪಾಯಿಗೂ ಮೇಲೆ.

ಕೈಯಲ್ಲಿರುವ ಹರಾಜಿನ ಪಟ್ಟಿಯನ್ನು ಬಿಡಿಸಿ. ಇಷ್ಟು ಬೆಲೆ ಕಬ್ಬಿಣಕ್ಕಲ್ಲ, ಅಷ್ಟಿಷ್ಟು ಚಿನ್ನಕ್ಕೂ ಅಲ್ಲ. ಖಡ್ಗ ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ಬರಹಕ್ಕೆ. 1799ರಲ್ಲಿ ಶ್ರೀರಂಗಪಟ್ಟಣದ ಅರಮನೆಯಲ್ಲಿ ಸಿಕ್ಕಿತು. ಕೋಟೆಗೆ ನುಗ್ಗಿದ ಬ್ರಿಟಿಷ್ ಪಡೆಯ ಮುಂದಾಳು ಡೇವಿಡ್ ಬೇರ್ಡ್‌ಗೆ ಸೈನ್ಯ ಅದನ್ನು ಕಾಣಿಕೆಯಾಗಿ ಕೊಟ್ಟಿತು. 1780ರಲ್ಲಿ ಪೊಲ್ಲಿಲೂರಿನ ಯುದ್ಧದಲ್ಲಿ ಸೆರೆ ಸಿಕ್ಕು, ಇದೇ ಶ್ರೀರಂಗಪಟ್ಟಣದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಬಂದಿಯಾಗಿದ್ದವನು ಈ ಬೇರ್ಡ್. ಕೊಂಡುಹೋದವನ ಹೆಸರು ಪಟ್ಟಿಯಲ್ಲಿದೆ. ಬಡಿದು ಮಾಡಿದ ಕಮ್ಮಾರ ಯಾರು? ಅವನ ಹೆಸರಿಲ್ಲ.

ಆ ಸೈನ್ಯ ಬಂದ ದಾರಿ ನಿಮಗೆ ಗೊತ್ತಿರುವ ದಾರಿಯೇ. ಈಗ 1799ರ ಮಾರ್ಚ್ 27ಕ್ಕೆ ಬನ್ನಿ. ಕನಕಪುರದ ಕಡೆಯಿಂದ ಜನರಲ್ ಹ್ಯಾರಿಸನ ದಂಡು ಮಳವಳ್ಳಿಗೆ ಬಂದಿದೆ. ಬಿರುಬಿಸಿಲು, ಫಿರಂಗಿ ಎಳೆದು ಬಸವಳಿದ ಎತ್ತುಗಳು, ಕಣ್ಣು ಬಿಡಲಾಗದಷ್ಟು ಧೂಳು. ಟಿಪ್ಪು ಇಲ್ಲೇ ಎದುರು ನಿಂತು ಸೋತು ಹಿಂದೆ ಸರಿಯುತ್ತಾನೆ. ನೇರ ದಾರಿಯ ಊರುಗಳಲ್ಲಿ ಮೇವು ಕಾಳು ಸಿಗದಂತೆ ಅವನು ಮೊದಲೇ ಸುಡಿಸಿದ್ದ; ಹ್ಯಾರಿಸ್ ದಿಕ್ಕು ಬದಲಿಸಿ ಸೋಸಲೆಯ ಹತ್ತಿರ ಕಾವೇರಿ ದಾಟಿದ. ಸುಟ್ಟ ಆ ಊರುಗಳ ಅಟ್ಟ, ಪೆಟ್ಟಿಗೆ, ಹಗೇವುಗಳಲ್ಲಿ ಏನೇನಿತ್ತು ಎಂದು ಯಾವ ಪಟ್ಟಿಯೂ ಹೇಳುವುದಿಲ್ಲ. ನನ್ನ ಮಟ್ಟಿಗೆ ಈ ಕತೆಯ ದೊಡ್ಡ ನಷ್ಟ ಅದೇ.

ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು. ರಾತ್ರಿಯೆಲ್ಲ ಲೂಟಿ. ಆರ್ಥರ್ ವೆಲ್ಲೆಸ್ಲಿ ಅಧಿಕಾರ ವಹಿಸಿಕೊಂಡು ಕೆಲವರನ್ನು ಗಲ್ಲಿಗೇರಿಸಿದ ಮೇಲೆ ಅದು ನಿಂತಿತು. ಆಮೇಲೆ ಲೂಟಿಯನ್ನು ಲೆಕ್ಕದ ಪ್ರಕಾರ ಹಂಚುವ ಕೆಲಸ. ಸೈನ್ಯ ನೇಮಿಸಿದ ಏಜೆಂಟರು ಒಡವೆ, ಬಟ್ಟೆ, ಆಯುಧಗಳ ಪಟ್ಟಿ ಮಾಡಿ ಬೆಲೆ ಕಟ್ಟುತ್ತಿದ್ದಾರೆ, ಹರಾಜು ಹಾಕುತ್ತಿದ್ದಾರೆ. ನೀವು ಅರಮನೆಯ ಅಂಗಳದಲ್ಲಿ ನಿಂತು ಸಿಂಹಾಸನವನ್ನು ನೋಡುತ್ತಿದ್ದೀರಿ: ಮರದ ಮೇಲೆ ಚಿನ್ನದ ತಗಡು, ಎಂಟು ಮೂಲೆಯ ಪೀಠ, ಕಟಕಟೆಯ ಮೇಲೆ ರತ್ನ ಕೂರಿಸಿದ ಪುಟ್ಟ ಹುಲಿತಲೆಗಳು. ಇಡಿಯಾಗಿ ಇದ್ದರೆ ಪಾಲು ಹಾಕಲಾಗದು. ಒಡೆದರು. ಅದರ ದೊಡ್ಡ ಹುಲಿತಲೆಯೂ ಛತ್ರದ ಮೇಲಿದ್ದ ಹುಮಾ ಹಕ್ಕಿಯೂ ಈಗ ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿವೆ. ಪುಟ್ಟ ಹುಲಿತಲೆಯೊಂದು 2009ರಲ್ಲಿ ಹರಾಜಿಗೆ ಬಂದು ಸುಮಾರು 3.9 ಲಕ್ಷ ಪೌಂಡ್ ತಂದಿತು. ಒಂದು ಸಿಂಹಾಸನದ ತುಣುಕುಗಳು ಬಿಡಿಬಿಡಿಯಾಗಿ ಇನ್ನೂ ಸವಾಲಿಗೆ ಬರುತ್ತಿರುವುದನ್ನು ನೋಡಿ ಹೊಟ್ಟೆ ಉರಿಯದಿದ್ದರೆ ಹೇಗೆ?

ಬೆಲೆ ಕಟ್ಟುವಾಗ ವಸ್ತುವಿನ ಸ್ಥಿತಿಯ ಮಾತೂ ಇದೆ. 2019ರಲ್ಲಿ ಬರ್ಕ್‌ಷೈರಿನ ಮನೆಯೊಂದರ ಅಟ್ಟದಿಂದ ಪೇಪರಿನಲ್ಲಿ ಸುತ್ತಿಟ್ಟ ಕೋವಿ, ಖಡ್ಗಗಳು ಕೆಳಗಿಳಿದವು. ಈಸ್ಟ್ ಇಂಡಿಯಾ ಕಂಪನಿಯ ಮೇಜರ್ ಥಾಮಸ್ ಹಾರ್ಟ್ ಶ್ರೀರಂಗಪಟ್ಟಣದಿಂದ ಒಯ್ದಿದ್ದವು. ಬೆಳ್ಳಿ ಕಟ್ಟಿನ ಆ ಕೋವಿಯನ್ನು ಯಾರೂ ಉಜ್ಜಿ ಹೊಳಪಿಸಿರಲಿಲ್ಲ, ರಿಪೇರಿಯನ್ನೂ ಮಾಡಿರಲಿಲ್ಲ. ಯುದ್ಧದ ಪೆಟ್ಟು ಹಾಗೆಯೇ ಇತ್ತು. 60,000 ಪೌಂಡಿಗೆ ಹೋಯಿತು. ಹುಣಸೆಹಣ್ಣು ಹಾಕಿ ತಿಕ್ಕಿದ್ದರೆ ಆ ಬೆಲೆ ಬರುತ್ತಿರಲಿಲ್ಲ.

ಇನ್ನು ಬೆಳಕವಾಡಿಯ ಅಟ್ಟಕ್ಕೆ ಏಣಿ ಹಾಕಿ. ಜೇಡರ ಬಲೆ ಸರಿಸಿದರೆ ಬಳ್ಳ, ಸೇರು, ಪಾವು, ಕಂಚಿನ ತಟ್ಟೆ, ಮೂಲೆಯಲ್ಲಿ ಮಸಿ ಹಿಡಿದ ತಾಮ್ರದ ಹಂಡೆ. ಬೀದಿಯಲ್ಲಿ ಕೂಗು ಕೇಳುತ್ತಿದೆ.

“ಅವ್ವಾ, ಹಳೇ ತಾಮ್ರ, ಹಿತ್ತಾಳೆ ಏನಾರ ಅವಾ?”

“ಅವೆ ಕಣಪ್ಪ. ಕೆಜಿಗೇನು ಕೊಟ್ಟೀಯೆ?”

ಜಗುಲಿಗೆ ತಕ್ಕಡಿ ಬಂತು. ಹಂಡೆಯನ್ನು ಇಳಿಸಿ ಬೆಳಕಿಗೆ ತಿರುಗಿಸಿ. ಕಂಠದ ಸುತ್ತ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೊಡೆದ ಅಕ್ಷರಗಳು: ಕೊಟ್ಟವರ ಹೆಸರು, ಊರು, ಮದುವೆಯ ತಾರೀಖು. ಬೋನಮ್ಸ್‌ನವರು ಕಾಗದದಲ್ಲಿ ಅಚ್ಚು ಹಾಕಿಸುವುದನ್ನು ನಮ್ಮ ಪಾತ್ರೆ ಅಂಗಡಿಯವರು ಪಾತ್ರೆಯ ಮೈಮೇಲೆಯೇ ಬರೆದುಕೊಟ್ಟರು. ಕಾಗದ ಕಳೆದೀತು, ಇದು ಕಳೆಯದು, ಕರಗಿಸದಿದ್ದರೆ.

“ನಮ್ಮತ್ತೆ ಬಳುವಳಿ ತಂದದ್ದು ಇದು. ಸೋಸಲೆಯಿಂದ ಗಾಡೀಲಿ ಬಂತಂತೆ.”

“ಹೆಸರಿಗೆ ಯಾರು ಕಾಸು ಕೊಟ್ಟಾರವ್ವಾ? ತೂಕಕ್ಕೆ ಕೊಡೋದು.”

ಅವನದು ತಪ್ಪಲ್ಲ, ಅವನು ಮಾರುವುದೂ ತೂಕಕ್ಕೇ. ನೂರು ವರ್ಷ ದಾಟಿದ ಇಂಥ ವಸ್ತು 1972ರ ಪುರಾತನ ವಸ್ತುಗಳ ಕಾಯ್ದೆಯ ಲೆಕ್ಕದಲ್ಲಿ ಪುರಾತನ ವಸ್ತು, ದೇಶದಾಚೆ ಸಾಗಿಸುವ ಹಾಗಿಲ್ಲ. ಕುಲುಮೆಗೆ ಹೋಗುವುದನ್ನು ತಡೆಯುವವರು ಮಾತ್ರ ಯಾರೂ ಇಲ್ಲ, ಮನೆಯವರ ಹೊರತು. ಒಡೆದ ತಪ್ಪಲೆ, ತೂತು ಬಿದ್ದ ಚೆಂಬು ಕೊಟ್ಟರೆ ಕೊಡಲಿ, ಹೆಸರಿದ್ದದ್ದನ್ನು ಉಳಿಸಿಕೊಳ್ಳಲಿ ಎಂದು ನಾನು ಕೈಮುಗಿದು ಕೇಳುತ್ತೇನೆ. ಮಾರಲೇಬೇಕಾದ ಕಷ್ಟ ಬಂದರೂ ಮೊದಲು ಒಂದು ಫೋಟೊ, ಒಂದು ನೋಟ್‌ಬುಕ್ಕು. ಮಸಿ ತಿಕ್ಕುವುದು ಬೇಡ.

ಅಜ್ಜಿ ಹಂಡೆಯನ್ನು ತಕ್ಕಡಿಯಿಂದ ತೆಗೆದು ಪಕ್ಕಕ್ಕಿಟ್ಟರು. ಎರಡು ತಪ್ಪಲೆ ತೂಕಕ್ಕೆ ಹೋದವು. ಮೊಮ್ಮಗಳು ನೋಟ್‌ಬುಕ್ ತಂದು ಬಾಗಿಲಲ್ಲಿ ಕೂತಳು.

“ತಳದಾಗೆ ತೇಪೆ ಅದೆ, ಅದ್ನೂ ಬರ್ಕೊ. ಮಳವಳ್ಳಿ ಸಂತೇಲಿ ಹಾಕ್ಸಿದ್ದು. ನಿಮ್ಮಪ್ಪ ಹುಟ್ಟಿದ ವರ್ಷ. ಬಾಣಂತಿ ನೀರು ಕಾಯ್ಸಕ್ಕೆ ಬೇಕಿತ್ತು.”