ಅಂಗಳಕ್ಕೆ ಬಂದ ಕುಳ್ಳ ಮರಗಳು

ನರಸಿಂಹರಾಜಪುರದಲ್ಲಿ ಬಸ್ಸು ಹತ್ತಿ ಕೊಪ್ಪ, ಹರಿಹರಪುರದ ಮೇಲೆ ಶೃಂಗೇರಿಗೆ ಹೊರಟರೆ ದಾರಿಯುದ್ದಕ್ಕೂ ಕಾಣುವುದು ಒಂದೇ ಬಗೆಯ ಚಿತ್ರ. ಇಳಿಜಾರಿನಲ್ಲಿ ಕಾಫಿ, ಕಣಿವೆಯಲ್ಲಿ ಅಡಿಕೆ, ನಡುವೆ ಹೆಂಚಿನ ಮನೆ, ಮನೆಯ ಮುಂದೆ ಅಂಗಳ, ಅಂಗಳದಲ್ಲಿ ತುಳಸಿಕಟ್ಟೆ. ಆದರೆ ಕೆಲವು ಮನೆಗಳಲ್ಲಿ ಡೇರೆ, ದಾಸವಾಳಗಳ ಸಾಲಿನಲ್ಲಿ ಹೊಸ ನೆಂಟರೂ ಸೇರಿಕೊಂಡಿದ್ದಾರೆ. ಕುಂಡದಲ್ಲಿ ಗೋಪುರದಂತೆ ನಿಂತ ಥೂಜಾ, ನೆಲಕ್ಕೆ ಒರಗಿ ಹಬ್ಬಿದ ಜೂನಿಪರ್, ಮುಟ್ಟಿದರೆ ನಿಂಬೆಯ ಪರಿಮಳ ಸೂಸುವ ಹೊಂಬಣ್ಣದ ಸೈಪ್ರೆಸ್. ಮನೆಮಂದಿ ಎಲ್ಲಕ್ಕೂ ‘ಕ್ರಿಸ್‌ಮಸ್ ಗಿಡ’ ಎಂಬ ಒಂದೇ ಹೆಸರಿಟ್ಟು ಮುಗಿಸುತ್ತಾರೆ.

ಇವೆಲ್ಲ ಶಂಕುಧಾರಿ ಸಸ್ಯಗಳು. ಪಠ್ಯಪುಸ್ತಕದಲ್ಲಿ ‘ಅನಾವೃತ ಬೀಜ ಸಸ್ಯಗಳು’ ಎಂಬ ಪಾಠದಲ್ಲಿ ಚಿತ್ರವಾಗಿ ಮಾತ್ರ ಸಿಗುವ ಜಾತಿ. ಇವುಗಳಿಗೆ ಹೂವಿಲ್ಲ, ಹಣ್ಣಿಲ್ಲ. ಬೀಜ ಹಣ್ಣಿನೊಳಗೆ ಅಡಗದೆ ಶಂಕುವಿನ ಹೊಪ್ಪಳಿಕೆಗಳ ನಡುವೆ ಬರಿಮೈಯಲ್ಲಿ ಕುಳಿತಿರುತ್ತದೆ. ಬಲಿತ ಥೂಜಾ ಗಿಡದಲ್ಲಿ ಪುಟ್ಟ ಕೊಂಬುಗಳುಳ್ಳ ನಸುನೀಲಿ ಕಾಯಿಯಂಥದ್ದು ಕಂಡರೆ ಅದೇ ಶಂಕು. ಅದು ಒಣಗಿ ಬಿರಿದಾಗ ಬಿಡಿಸಿ ನೋಡಿದ ವಿದ್ಯಾರ್ಥಿ ಆ ಪಾಠವನ್ನು ಮರೆಯಲಾರ. ಉತ್ತರ ಭಾರತದಲ್ಲಿ ಇದರ ಎಲೆಯನ್ನು ಪುಸ್ತಕದೊಳಗಿಟ್ಟರೆ ವಿದ್ಯೆ ಬರುತ್ತದೆಂಬ ನಂಬಿಕೆಯಿದೆ. ಪುಸ್ತಕದೊಳಗೆ ಇಡುವುದಕ್ಕಿಂತ ಪುಸ್ತಕದ ಪಕ್ಕ ಇಟ್ಟು ಹೋಲಿಸಿದರೆ ವಿದ್ಯೆ ಇನ್ನೂ ಬೇಗ ಬಂದೀತು!

ಕುಳ್ಳತನದ ಗುಟ್ಟು

ಈ ಗಿಡಗಳು ಕುಳ್ಳಾಗಿರುವುದು ಕತ್ತರಿಯ ಕೆಲಸದಿಂದಲ್ಲ. ಎತ್ತರದ ಮರದ ಕೊಂಬೆಯೊಂದರಲ್ಲಿ ಹಕ್ಕಿಗೂಡಿನಂತೆ ಒತ್ತಾಗಿ ಬೆಳೆದ ಗಂಟಿನಿಂದಲೋ, ಸಸಿಗಳ ನಡುವೆ ಅಕಸ್ಮಾತ್ತಾಗಿ ಹುಟ್ಟಿದ ಗಿಡ್ಡ ಸಸಿಯಿಂದಲೋ ಇವುಗಳ ವಂಶ ಆರಂಭವಾಗುತ್ತದೆ. ಇದು ವಂಶವಾಹಿಯಲ್ಲಾದ ಬದಲಾವಣೆ. ಬೀಜ ಬಿತ್ತಿದರೆ ಈ ಗುಣ ಉಳಿಯುವ ಭರವಸೆಯಿಲ್ಲ. ಆದ್ದರಿಂದ ಕಡ್ಡಿ ನೆಟ್ಟು ಅಥವಾ ಕಸಿ ಮಾಡಿ ಬೆಳೆಸುತ್ತಾರೆ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಕುವೆಂಪು ಹುಟ್ಟಿದ್ದು 1904ರಲ್ಲಿ. ಅದೇ ವರ್ಷ ಕೆನಡಾದ ಆಲ್ಬರ್ಟಾ ಪ್ರಾಂತದಲ್ಲಿ ಇಬ್ಬರು ಸಸ್ಯವಿಜ್ಞಾನಿಗಳಿಗೆ ಒಂದು ಕುಳ್ಳ ಸ್ಪ್ರೂಸ್ ಸಿಕ್ಕಿತು. ವರ್ಷಕ್ಕೆ 5ರಿಂದ 10 ಸೆಂಟಿಮೀಟರ್ ಮಾತ್ರ ಬೆಳೆಯುವ ಆ ಗಿಡದ ಸಂತತಿ ಇಂದು ಶೀತದೇಶಗಳ ತೋಟಗಳಲ್ಲೆಲ್ಲ ಹರಡಿದೆ.

ಆದರೆ ಆ ಸ್ಪ್ರೂಸ್ ನಮ್ಮ ಮಲೆನಾಡಿಗೆ ಒಗ್ಗದು. ಅದರ ಮೊಗ್ಗು ಸರಿಯಾಗಿ ಒಡೆಯಲು ದೀರ್ಘ ಚಳಿಗಾಲದ ನಿದ್ರೆ ಬೇಕು. ಸಮುದ್ರಮಟ್ಟದಿಂದ 700 ಮೀಟರ್ ಆಸುಪಾಸಿನಲ್ಲಿರುವ ಈ ಊರುಗಳಲ್ಲಿ ಪುಷ್ಯ ಮಾಸದ ಬೆಳಗು ಕಂಬಳಿ ಹೊದೆಸುತ್ತದೆಯೇ ಹೊರತು ನೀರನ್ನು ಹೆಪ್ಪುಗಟ್ಟಿಸುವುದಿಲ್ಲ. ಇಲ್ಲಿಗೆ ಸಲ್ಲುವುದು ಚೀನಾ ಮೂಲದ ಕುಳ್ಳ ಥೂಜಾ ಮತ್ತು ಚೀನೀ ಜೂನಿಪರ್‌ನಂಥ ಗಟ್ಟಿಗರು. ಕ್ರಿಸ್‌ಮಸ್ ಗಿಡವೆಂದೇ ಮಾರುವ ಅರಾಕೇರಿಯಾ ಮಾತ್ರ ಕುಳ್ಳನಲ್ಲ. ಕುಂಡದಲ್ಲಿ ಸಾಧುವಾಗಿದ್ದು, ನೆಲಕ್ಕಿಳಿಸಿದರೆ ಮನೆಯ ಮಾಡು ಮೀರಿ 30 ಮೀಟರ್ ಎತ್ತರಕ್ಕೂ ಏರಬಲ್ಲ ಮರವದು.

ಬಸ್ಸಿನ ಜೊತೆಗೆ ಮಳೆ

ಭದ್ರಾ ಹಿನ್ನೀರಿನ ಬಳಿಯ ನರಸಿಂಹರಾಜಪುರ ಒಂದು ಕಾಲದ ಎಡೇಹಳ್ಳಿ. 1915ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಬಂದುಹೋದ ನೆನಪಿಗೆ ಈ ಹೆಸರು ಬಂತು. ಇಲ್ಲಿಂದ ಪಶ್ಚಿಮಕ್ಕೆ ಸಾಗಿದಂತೆ ಮಳೆ ಏರುತ್ತ ಹೋಗುತ್ತದೆ. ಶೃಂಗೇರಿಯಲ್ಲಿ ವರ್ಷದ ಮಳೆ 3,000 ಮಿಲಿಮೀಟರ್ ದಾಟಿದರೆ, ನರಸಿಂಹರಾಜಪುರಕ್ಕೆ ಸಿಗುವುದು ಸುಮಾರು ಅರ್ಧ. ಅಂಗಳದ ಗಿಡದ ಹಣೆಬರಹವೂ ಇದರೊಂದಿಗೇ ಬದಲಾಗುತ್ತದೆ.

ನರಸಿಂಹರಾಜಪುರದ ಕಡೆ ಗಿಡಕ್ಕೆ ಕಷ್ಟ ಬೇಸಿಗೆಯದು. ಫೆಬ್ರುವರಿಯಿಂದ ಮೇವರೆಗಿನ ಒಣಹವೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೆಂಪುನುಸಿಗಳು ರಸ ಹೀರಿ ಎಲೆಯನ್ನು ಮಂಕಾಗಿಸುತ್ತವೆ. ಕೊಂಬೆಯ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಿದರೆ ಕಾಗದದ ಮೇಲೆ ಚುಕ್ಕೆಗಳು ಹರಿದಾಡುತ್ತವೆ. ಮಕ್ಕಳು ಮಾಡಬಹುದಾದ ಖರ್ಚಿಲ್ಲದ ಪ್ರಯೋಗವಿದು. ಬೆಳಿಗ್ಗೆ ಎಲೆಗಳ ಅಡಿಗೂ ತಾಗುವಂತೆ ರಭಸವಾಗಿ ನೀರು ಚಿಮುಕಿಸುವುದೇ ಮೊದಲ ಮದ್ದು.

ಕೊಪ್ಪ ದಾಟಿದ ಮೇಲೆ ಕಥೆಯೇ ಬೇರೆ. ಬೆಂಗಳೂರಿನಲ್ಲಿ ಓದುವ ಮಗಳು ಲಾಲ್‌ಬಾಗಿನ ಜನವರಿ ಪ್ರದರ್ಶನ ನೋಡಿ ಹೊಂಬಣ್ಣದ ಸೈಪ್ರೆಸ್ ಒಂದನ್ನು ಮಡಿಲಲ್ಲಿಟ್ಟುಕೊಂಡು ತರುತ್ತಾಳೆ. ಯುಗಾದಿಗೆ ಗಿಡ ನಳನಳಿಸುತ್ತದೆ. ಆಷಾಢ ಕಳೆಯುವಷ್ಟರಲ್ಲಿ ತುದಿ ಕಂದುತ್ತದೆ. ‘ನೀರು ಸಾಲದೇನೋ’ ಎಂದು ಅಮ್ಮ ಇನ್ನೊಂದು ಚೊಂಬು ಸುರಿಯುತ್ತಾರೆ. ಗೌರಿ ಹಬ್ಬಕ್ಕೆ ಉಳಿಯುವುದು ಒಣಕಡ್ಡಿ. ‘ನನ್ನ ಕೈಗುಣವೇ ಸರಿಯಿಲ್ಲ’ ಎಂದು ಮಗಳು ನೊಂದುಕೊಳ್ಳುತ್ತಾಳೆ. ಇಂಥ ಸೋಲು ಅನೇಕ ಮನೆಗಳದು.

ತಪ್ಪು ಕೈಗುಣದ್ದಲ್ಲ. ಆ ಸೈಪ್ರೆಸ್‌ನ ತವರು ಕ್ಯಾಲಿಫೋರ್ನಿಯಾದ ಮಾಂಟೆರೆ ಕರಾವಳಿ. ಅಲ್ಲಿ ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ, ಅದೂ ಚಳಿಗಾಲದಲ್ಲಿ. ಬೆಚ್ಚನೆಯ ಮಣ್ಣು ತಿಂಗಳುಗಟ್ಟಲೆ ನೆನೆದಿರುವ ಅನುಭವ ಅದರ ಬೇರಿಗಿಲ್ಲ. ನೀರು ತುಂಬಿದ ಮಣ್ಣಿನಲ್ಲಿ ಗಾಳಿಯಾಡದೆ ಬೇರು ಸೊರಗುತ್ತದೆ. ಆಗ ಬರುತ್ತದೆ ಫೈಟಾಫ್ತೊರಾ.

ಅಪ್ಪಯ್ಯನಿಗೆ ಗೊತ್ತಿದ್ದ ಶತ್ರು

ಈ ಹೆಸರು ಹೊಸದೆನಿಸಿದರೂ ಶತ್ರು ಹಳಬ. ಅಡಿಕೆಯ ಕೊಳೆರೋಗಕ್ಕೆ ಕಾರಣವಾಗುವುದೂ ಇದೇ ಕುಲದ ಜೀವಿ. 1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆ ಬೆಳೆಯನ್ನು ಕೊಳೆಸಿ ಕ್ಷಾಮ ತಂದದ್ದೂ ಇದರ ಸೋದರ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಬಗ್ಗೆ ತಮ್ಮ ಅಧ್ಯಯನ ಪ್ರಕಟಿಸಿದರು. ಫೈಟಾಫ್ತೊರಾ ನಿಜವಾದ ಶಿಲೀಂಧ್ರವಲ್ಲ, ಕಂದು ಪಾಚಿಗಳ ದೂರದ ಬಂಧು. ಇದರ ಬೀಜಕಣಗಳಿಗೆ ಎರಡೆರಡು ಬಾಲಗಳಿದ್ದು ನೀರಿನಲ್ಲಿ ಈಜಬಲ್ಲವು. ನಿಂತ ನೀರೆಂದರೆ ಅವಕ್ಕೆ ರಾಜಮಾರ್ಗ.

ತೋಟದಲ್ಲಿ ಅಪ್ಪಯ್ಯ ಬಸಿಗಾಲುವೆ ತೆಗೆಸುವುದು, ಕೊನೆಗೆ ಕೊಟ್ಟೆ ಕಟ್ಟಿಸುವುದು, ಮಳೆ ಹಿಡಿಯುವ ಮೊದಲೇ ಬೋರ್ಡೋ ಹೊಡೆಸುವುದು ಎಲ್ಲ ಈ ಈಜುಗಾರನ ವಿರುದ್ಧವೇ. ವಿಚಿತ್ರವೆಂದರೆ ತೋಟದಲ್ಲಿರುವ ಈ ತಿಳಿವಳಿಕೆ ಅಂಗಳದ ಕುಂಡಕ್ಕೆ ಬಂದಿರುವುದಿಲ್ಲ.

ಋಷ್ಯಶೃಂಗನನ್ನು ಮಳೆ ದೇವರೆಂದು ಪೂಜಿಸುವ ಕಿಗ್ಗದ ಆಸುಪಾಸಿನಲ್ಲೂ, ಶೃಂಗೇರಿಯ ತುಂಗೆಯ ದಂಡೆಯಲ್ಲೂ ಕುಳ್ಳ ಮರ ಬದುಕಬೇಕಾದರೆ ಕುಂಡಕ್ಕೂ ಬಸಿಗಾಲುವೆ ಬೇಕು. ತಳದಲ್ಲಿ ಒಂದು ಪದರ ಜಲ್ಲಿ ಹಾಕಿದರೆ ಸಾಲದು. ನಯವಾದ ಮಣ್ಣು ಜಲ್ಲಿಯ ಮೇಲೆ ನೀರನ್ನು ಸ್ಪಂಜಿನಂತೆ ಹಿಡಿದಿಟ್ಟುಕೊಳ್ಳುತ್ತದೆ. ಬದಲಿಗೆ ದಪ್ಪ ಮರಳನ್ನು ಇಡೀ ಮಣ್ಣಿಗೇ ಬೆರೆಸಬೇಕು. ಕುಂಡವನ್ನು ಇಟ್ಟಿಗೆಯ ಮೇಲೆ ಏರಿಸಿ, ಕೆಳಗಿನ ತಟ್ಟೆ ತೆಗೆದುಬಿಡಬೇಕು. ಮಳೆಗಾಲದಲ್ಲಿ ಸೂರಿನ ನೀರು ಬೀಳದ, ಆದರೆ ಬೆಳಕು ಬೀಳುವ ಜಗಲಿಯ ಅಂಚಿಗೆ ಸರಿಸಿ ವಾರಕ್ಕೊಮ್ಮೆ ಕಾಲು ಸುತ್ತು ತಿರುಗಿಸಬೇಕು. ಇವುಗಳಲ್ಲಿ ಹೆಚ್ಚಿನವು ನೆರಳಿಗೆ ಬೋಳಾದ ಹಳೆಯ ಕೊಂಬೆಯಲ್ಲಿ ಮತ್ತೆ ಚಿಗುರುವುದಿಲ್ಲ. ಬೇರು ಸತ್ತ ಎಷ್ಟೋ ವಾರಗಳವರೆಗೆ ಎಲೆ ಹಸಿರಾಗಿಯೇ ಇರುವುದರಿಂದ, ಕಂದಿದ ಮೇಲೆ ಮಾಡುವ ಯಾವ ಔಷಧೋಪಚಾರವೂ ತಡವೇ.

ಮುಂದಿನ ಜನವರಿಯಲ್ಲಿ ಮಗಳು ಮತ್ತೊಂದು ಗಿಡ ತಂದರೆ ಅದನ್ನು ತಕ್ಷಣ ಕುಂಡಕ್ಕೆ ನೆಡುವ ಅವಸರ ಬೇಡ. ಮೊದಲು ಅದರ ತವರಿನ ಮಳೆ ಎಷ್ಟು, ಯಾವ ಕಾಲದ್ದು ಎಂದು ಭೂಪಟ ತೆರೆದು ನೋಡಲಿ. ಆಮೇಲೆ ಅಪ್ಪಯ್ಯನನ್ನು ಕರೆದು ಕುಂಡ ತೋರಿಸಲಿ. ಅಡಿಕೆ ತೋಟದಲ್ಲಿ ಮಳೆಗಾಲಗಳನ್ನು ಕಂಡ ಆ ಕಣ್ಣಿಗೆ, ನೀರು ಎಲ್ಲಿ ನಿಲ್ಲುತ್ತದೆಂದು ಒಂದೇ ನೋಟಕ್ಕೆ ತಿಳಿಯುತ್ತದೆ.